ಹೊಸ ಡೀಸೆಲ್ ಪಿಕಪ್ ಕೊಡುವಾಗ ಕನ್ನಡದಲ್ಲಿ ತಿಳಿಹೇಳಿ

ಮಾನ್ಯ ಸಂಪಾದಕರೇ,

ಈಚಿನ ವರ್ಷಗಳಲ್ಲಿ ಕಾಫಿಗೆ ಒಳ್ಳೆಯ ಧಾರಣೆ ಸಿಕ್ಕಿದ್ದರಿಂದ ಕೊಡಗಿನ ಸಣ್ಣ ಬೆಳೆಗಾರರ ಅಂಗಳದಲ್ಲೂ ಹೊಸ ಡೀಸೆಲ್ ಪಿಕಪ್‌ಗಳು ಕಾಣಿಸತೊಡಗಿವೆ. ಕೀಲಿಕೈ ಕೊಡುವ ದಿನ ಗಾಡಿಗೆ ಹಾರ ಹಾಕಿ, ಫೋಟೊ ತೆಗೆಸಿ, ಸಿಹಿ ಹಂಚಿ ಕಳುಹಿಸುವ ಮಾರಾಟಗಾರರು, ಇದರ ಎಂಜಿನ್ ನಿಮ್ಮ ಹಳೆಯ ಜೀಪಿನ ಎಂಜಿನ್ನಿನಂತಲ್ಲ, ನಮ್ಮ ಮಳೆ, ಮಂಜು, ಏರುತಗ್ಗುಗಳಲ್ಲಿ ಇದನ್ನು ಹೀಗೆ ನೋಡಿಕೊಳ್ಳಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ನನಗೆ ಸಿಕ್ಕ ಕೈಪಿಡಿ ಇಂಗ್ಲಿಷಿನಲ್ಲಿತ್ತು. ತೋಟದಲ್ಲಿ ಗಾಡಿ ಓಡಿಸುವ ಹುಡುಗರು ಅದನ್ನು ತೆರೆದು ನೋಡುವ ಮಾತೇ ಇಲ್ಲ. ಅವರಿಗೆ ಪಾಠ ಹೇಳುತ್ತಿರುವುದು ಮೊಬೈಲಿನ ವಿಡಿಯೊಗಳು, ಅವುಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳವು.

ಆ ದೇಶಗಳ ಸಲಹೆ ಅಲ್ಲಿಗೆ ಸರಿಯಾದದ್ದೇ. ತೀವ್ರ ಚಳಿಯಲ್ಲಿ ಡೀಸೆಲ್‌ನೊಳಗಿನ ಮೇಣದ ಅಂಶ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ಅಲ್ಲಿ ಡೀಸೆಲ್‌ಗೆ ದ್ರಾವಣ ಬೆರೆಸುತ್ತಾರೆ, ರಾತ್ರಿಯಿಡೀ ಎಂಜಿನ್ನಿಗೆ ವಿದ್ಯುತ್ ಹೀಟರ್ ಹಚ್ಚಿಡುತ್ತಾರೆ. ನಮ್ಮ ದೇಶದಲ್ಲೇ ಲಡಾಖ್‌ಗೆಂದು ಇಂಡಿಯನ್ ಆಯಿಲ್ ಸಂಸ್ಥೆಯು ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ಲನ್ನು 2019ರಲ್ಲಿ ಬಿಡುಗಡೆ ಮಾಡಿತು. ಆದರೆ ಮಡಿಕೇರಿಯ ಜನವರಿಯ ಮುಂಜಾವು ಸಾಮಾನ್ಯವಾಗಿ ಹತ್ತು ಹದಿನೈದು ಡಿಗ್ರಿಯದು. ಈ ಚಳಿಗೆ ಬಂಕಿನ ಡೀಸೆಲ್ ಹೆಪ್ಪುಗಟ್ಟಿದ್ದನ್ನು ನಾನಂತೂ ಕಂಡಿಲ್ಲ. ಹೀಗಿದ್ದೂ ಡೀಸೆಲ್ ಗಟ್ಟಿಯಾಗದಂತೆ ಬೆರೆಸುವ ಬಾಟಲಿಗಳನ್ನು ಇಲ್ಲಿನ ಬೆಳೆಗಾರರಿಗೆ ಮಾರುವುದು ಸುಮ್ಮನೆ ಹಣ ಕೀಳುವ ಕೆಲಸ. ಬೆಳಗ್ಗೆ ಕೀ ತಿರುಗಿಸಿ, ಸುರುಳಿಯ ಗುರುತಿನ ಹೀಟರ್ ದೀಪ ಆರಿದ ಮೇಲೆ ಸೆಲ್ಫ್ ಹೊಡೆದು, ಮೊದಲ ಕೆಲವು ನಿಮಿಷ ಎಂಜಿನ್ ಅಬ್ಬರಿಸದಂತೆ ನಿಧಾನವಾಗಿ ಓಡಿಸಿದರೆ ನಮ್ಮ ಚಳಿಗೆ ಅಷ್ಟು ಸಾಕು. ಹೊರಡುವ ಮೊದಲು ಅರ್ಧ ಗಂಟೆ ನಿಂತಲ್ಲೇ ಉರಿಸುವ ಹಳೆಯ ಅಭ್ಯಾಸದಿಂದ ಹೊಸ ಎಂಜಿನ್ನಿಗೆ ಕೇಡೇ ಹೆಚ್ಚು. ಅದು ಏಕೆಂದು ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಅಂಜಬೇಕಾದದ್ದು ತೇವಕ್ಕೆ. ಅರ್ಧ ಖಾಲಿಯಾದ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ನೀರಾಗಿ ಡೀಸೆಲ್ಲಿನ ತಳಕ್ಕೆ ಇಳಿಯುತ್ತದೆ. ಇದಕ್ಕಿಂತ ದೊಡ್ಡ ದಾರಿಯೊಂದಿದೆ: ರೊಬಸ್ಟಾ ಕಾಫಿ ತೋಟಗಳಲ್ಲಿ ಹೂವು ಅರಳಿಸಲು ಸ್ಪ್ರಿಂಕ್ಲರ್ ಹಾಕುವ ಕಾಲಕ್ಕೆ ಪಂಪಿಗೆಂದು ಬ್ಯಾರೆಲ್‌ನಲ್ಲಿ ತಂದಿಟ್ಟ ಡೀಸೆಲ್, ಮಳೆಗಾಲವಿಡೀ ಶೆಡ್ಡಿನ ಮೂಲೆಯಲ್ಲಿ ಉಳಿದು, ಕೊನೆಗೆ ಪಿಕಪ್ಪಿನ ಟ್ಯಾಂಕ್ ಸೇರುತ್ತದೆ. ಹಳೆಯ ಎಂಜಿನ್ನು ಇದನ್ನು ಕೆಮ್ಮುತ್ತಲಾದರೂ ಸಹಿಸಿಕೊಳ್ಳುತ್ತಿತ್ತು. ಇಂದಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಇಂಜೆಕ್ಟರಿನ ಕೂದಲಿಗಿಂತ ಕಿರಿದಾದ ಸಂದುಗಳನ್ನು ಹಾದುಹೋಗುವುದರಿಂದ, ಅಲ್ಲಿ ನೀರು ಸೇರಿತೆಂದರೆ ಇಂಜೆಕ್ಟರೂ ಪಂಪೂ ಸವೆದು, ತುಕ್ಕು ಹಿಡಿದು, ದುರಸ್ತಿಯ ಬಿಲ್ಲು ಒಂದು ಕೊಯ್ಲಿನ ಕೂಲಿಯ ಮಟ್ಟಕ್ಕೆ ಹೋಗಬಹುದು.

ಇದನ್ನು ತಡೆಯುವ ಕೆಲಸ ಮಾತ್ರ ತೀರಾ ಸುಲಭ. ಎಂಜಿನ್ ಆಫ್ ಮಾಡಿ, ಡೀಸೆಲ್ ಫಿಲ್ಟರಿನ ತಳದಲ್ಲಿರುವ ತಿರುಪನ್ನು ಸ್ವಲ್ಪ ಸಡಿಲಿಸಿ, ಬಂದದ್ದನ್ನು ಒಂದು ಗಾಜಿನ ಬಾಟಲಿಗೆ ಹಿಡಿಯಬೇಕು. ಬಾಟಲಿಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ಕಾದರೆ, ಹಳದಿ ಡೀಸೆಲ್ಲಿನ ಅಡಿಯಲ್ಲಿ ಬಣ್ಣವಿಲ್ಲದ ನೀರು ಗೆರೆ ಎಳೆದಂತೆ ಬೇರೆಯಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರುವವರೆಗೆ ಬಿಟ್ಟು ತಿರುಪನ್ನು ಬಿಗಿ ಮಾಡಿದರೆ ಮುಗಿಯಿತು. ಮಳೆಗಾಲದಲ್ಲಿ ಇದನ್ನು ಸರ್ವೀಸಿನವರೆಗೆ ಕಾಯದೆ ಮಾಡುವುದು ಒಳ್ಳೆಯದು. ಸಂಜೆ ಟ್ಯಾಂಕ್ ತುಂಬಿಸಿ ಗಾಡಿ ನಿಲ್ಲಿಸುವುದೂ, ಬ್ಯಾರೆಲ್ಲಿನ ತಳದ ಡೀಸೆಲ್ಲನ್ನು ಪಿಕಪ್ಪಿಗೆ ಸುರಿಯದಿರುವುದೂ ಇದರ ಜೊತೆಗೇ ಆಗಬೇಕು.

ಇನ್ನು ಸೈಲೆನ್ಸರಿನ ದಾರಿಯಲ್ಲಿ ಕುಳಿತಿರುವ ಮಸಿ ಸೋಸುವ ಜಾಲರಿ, ಅಂದರೆ ಡಿಪಿಎಫ್. 2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಯಾದ ಮೇಲೆ ಬಹುಪಾಲು ಹೊಸ ಡೀಸೆಲ್ ಗಾಡಿಗಳಲ್ಲಿ ಇದು ಇದೆ. ಹಿಡಿದಿಟ್ಟ ಮಸಿಯನ್ನು ಅದು ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಆ ಬಿಸಿ ಬರಬೇಕಾದರೆ ಗಾಡಿ ಒಂದೇ ಹದದಲ್ಲಿ ಸ್ವಲ್ಪ ದೂರ ಓಡಬೇಕು. ಕೊಯ್ಲಿನ ದಿನಗಳಲ್ಲಿ ನಮ್ಮ ಗಾಡಿಗಳು ಮಾಡುವುದು ಇದಕ್ಕೆ ತೀರಾ ವಿರುದ್ಧವಾದುದನ್ನು: ತೋಟದಿಂದ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ, ಅಲ್ಲಿಂದ ಕಣಕ್ಕೆ, ಕಣದಿಂದ ಮತ್ತೆ ತೋಟಕ್ಕೆ, ಫಸ್ಟ್ ಗೇರು ಸೆಕೆಂಡ್ ಗೇರಿನಲ್ಲಿ ತೆವಳುತ್ತಾ, ಮೂಟೆ ಏರಿಸುವಷ್ಟು ಹೊತ್ತೂ ಎಂಜಿನ್ ಉರಿಯುತ್ತಲೇ ಇರುತ್ತದೆ. ನಿಂತಲ್ಲೇ ಉರಿಸಿದರೆ ಆ ಬಿಸಿ ಬರದೆ ಮಸಿ ಮಾತ್ರ ಸೇರುತ್ತದೆ, ಬೆಳಗಿನ ಅರ್ಧ ಗಂಟೆಯ ಕೇಡೂ ಇದೇ. ಮಸಿ ಸೇರುತ್ತಾ ಹೋಗಿ ಡ್ಯಾಶ್‌ಬೋರ್ಡಿನ ಡಿಪಿಎಫ್ ದೀಪ ಹೊತ್ತಿಕೊಂಡರೆ ಡ್ರೈವರ್ ಹೆದರಿ ಎಂಜಿನ್ ಆಫ್ ಮಾಡುತ್ತಾನೆ. ಹೀಗೆ ಶುದ್ಧೀಕರಣ ಅರ್ಧಕ್ಕೇ ನಿಂತುಹೋದಾಗ, ಬಿಸಿ ಏರಿಸಲೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ಲಿನಲ್ಲಿ ಸ್ವಲ್ಪ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಗೇಜ್ ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿರುವುದನ್ನು ಕಂಡು ಸಂತೋಷಪಡುವವರಿದ್ದಾರೆ. ಅದು ಆಯಿಲ್ ತೆಳುವಾಗಿ ಸತ್ವ ಕಳೆದುಕೊಂಡಿರುವುದರ ಗುರುತು, ಕೂಡಲೇ ಬದಲಿಸಬೇಕು. ಬದಲಿಸುವಾಗಲೂ ಬೂದಿ ಕಡಿಮೆ ಬಿಡುವ, ಕೈಪಿಡಿಯಲ್ಲಿ ಹೆಸರಿಸಿರುವ ದರ್ಜೆಯ ಆಯಿಲನ್ನೇ ಹಾಕಬೇಕು, ಟ್ರ್ಯಾಕ್ಟರಿಗೆಂದು ತಂದದ್ದು ಆಗುವುದಿಲ್ಲ.

ದೀಪ ಬಂದಾಗ ಮಾಡಬೇಕಾದದ್ದು ಇಷ್ಟೇ: ಗಾಡಿಯನ್ನು ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಂತಹ ಕಡೆಗೆ ಒಯ್ದು, ಕೈಪಿಡಿ ಹೇಳಿದಷ್ಟು ಹೊತ್ತು ನಿಲ್ಲಿಸದೆ ಓಡಿಸುವುದು. ಕೊಯ್ಲಿನ ಕಾಲದಲ್ಲಿ ದೀಪ ಬರುವ ಮೊದಲೇ ಆಗಾಗ ಒಂದು ದೂರದ ಲೋಡನ್ನು ಇದೇ ಗಾಡಿಗೆ ಇಟ್ಟುಕೊಂಡರೆ ಇನ್ನೂ ಉತ್ತಮ. ಫೆಬ್ರುವರಿ, ಮಾರ್ಚಿನ ಒಣ ದಿನಗಳಲ್ಲಿ ಶುದ್ಧೀಕರಣ ನಡೆಯುತ್ತಿರುವ ಗಾಡಿಯನ್ನು ತರಗೆಲೆಯ ಮೇಲೆ ನಿಲ್ಲಿಸಬಾರದು. ಆ ಸೈಲೆನ್ಸರಿನ ಬಿಸಿಗೆ ತೋಟಕ್ಕೇ ಬೆಂಕಿ ಬಿದ್ದೀತು. ದೀಪದ ವಿಷಯ ಕೇಳಲು ಹೋದಾಗ ಒಂದು ಗ್ಯಾರೇಜಿನಲ್ಲಿ ನನಗೆ ಸಿಕ್ಕ ಉತ್ತರ, "ಅಣ್ಣಾ, ಅದನ್ನ ಬಿಚ್ಚಿ ಬಿಸಾಕಿಬಿಡಿ, ಪೈಪ್ ಹಾಕಿಕೊಡ್ತೀನಿ" ಎಂದು. ಹೀಗೆ ತೆಗೆಸುವುದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ, ಹೊಗೆಯನ್ನು ಉಸಿರಾಡುವವರು ಹಿಂದಿನ ಬಾಡಿಯಲ್ಲಿ ಮೂಟೆ ಏರಿಸುವ ನಮ್ಮವರೇ.

ಕೆಲವು ಮಾದರಿಗಳಲ್ಲಿ ಹೊಗೆಯ ವಿಷಾನಿಲ ತಗ್ಗಿಸುವ ಡಿಇಎಫ್ ಎಂಬ ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ಅದು ಹೆಪ್ಪುಗಟ್ಟುವುದು ಮೈನಸ್ 11 ಡಿಗ್ರಿಯಲ್ಲಿ, ಆ ಚಿಂತೆ ಲಡಾಖಿನವರಿಗಿರಲಿ. ಅದರಲ್ಲಿ 32.5 ಶೇಕಡಾ ಯೂರಿಯಾ ಇದೆ ಎಂದು ಕೇಳಿ ಗೊಬ್ಬರದ ಮೂಟೆಯ ಯೂರಿಯಾವನ್ನೇ ನೀರಿಗೆ ಕದಡಿ ಹಾಕುವ ಯೋಚನೆ ಮಾತ್ರ ಬೇಡ. ಗೊಬ್ಬರದ ಯೂರಿಯಾ ಬೇವು ಲೇಪಿತವಾದದ್ದು, ಇಡೀ ವ್ಯವಸ್ಥೆಯನ್ನು ಕಟ್ಟಿಸಿ ಹಾಕುತ್ತದೆ.

ಗಾಡಿಯ ಮೈಗೆ ತುಕ್ಕು ಹಿಡಿಸುವುದರಲ್ಲಿ ಮಳೆಯ ಜೊತೆಗೆ ನಮ್ಮ ಸರಕಿಗೂ ಪಾಲಿದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತರುವ ಮೈಲುತುತ್ತು ಬಾಡಿಯ ಗೀರುಗಳಲ್ಲಿ ಸೇರಿ ನೀರು ತಾಗಿದರೆ ಕಬ್ಬಿಣವನ್ನು ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರದ ಚೆಲ್ಲಿದ ಹರಳುಗಳೂ ಅಷ್ಟೇ. ಆದ್ದರಿಂದ ಹೊಸ ಗಾಡಿಗೆ ಖರ್ಚು ಮಾಡುವುದಿದ್ದರೆ ಮೊದಲು ಹಿಂದಿನ ಬಾಡಿಯೊಳಗೆ ದಪ್ಪ ರಬ್ಬರ್ ಹಾಸು ಹಾಕಿಸಿ, ಆ ದಿನದ ಲೋಡು ಇಳಿಸಿದ ಕೂಡಲೇ ಹಾಸನ್ನು ಎತ್ತಿ ತೊಳೆಯಿರಿ. ಮಳೆ ಹಿಡಿಯುವ ಮುನ್ನ ಅಡಿಭಾಗಕ್ಕೆ ತುಕ್ಕು ತಡೆಯುವ ಲೇಪ, ಅಂದರೆ ಅಂಡರ್‌ಕೋಟಿಂಗ್ ಮಾಡಿಸುವಾಗ ನೀರು ಹೊರಹೋಗುವ ತೂತುಗಳನ್ನು ಮುಚ್ಚದಂತೆ ನಿಂತು ನೋಡಬೇಕು. ಕಂಪನಿ ಹೇಳಿದ ಅಳತೆಯಲ್ಲೇ ಕೆಸರಿಗೆ ಹಿಡಿತವಿರುವ ಟೈರು, ಬಂಪರಿನ ಕೆಳಮಟ್ಟದಲ್ಲಿ ಒಂದು ಜೊತೆ ಫಾಗ್ ಲ್ಯಾಂಪ್, ಟಾರ್ಪಾಲಿಗೆ ಗಟ್ಟಿ ಚೌಕಟ್ಟು, ಇದಕ್ಕಿಂತ ಹೆಚ್ಚಿನದು ನಮ್ಮ ಕೆಲಸಕ್ಕೆ ಬೇಕಾಗಿಲ್ಲ. ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬಾರ್‌ಗಳು ಮಂಜಿನಲ್ಲಿ ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ, ಸಂಪಾಜೆ ಘಾಟಿಯಲ್ಲಿ ಎದುರು ಬರುವವರನ್ನೂ ಕುರುಡಾಗಿಸುತ್ತವೆ. ಮುಂದಿನ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದ್ದರೂ ಅವು ಇನ್ನೂ ಮಾರಾಟವಾಗುತ್ತಿರುವುದು ಆಶ್ಚರ್ಯ.

ಜಿಲ್ಲೆಯಲ್ಲಿ ವಾಣಿಜ್ಯ ವಾಹನ ಮಾರುವ ಎಲ್ಲ ಮಾರಾಟಗಾರರಲ್ಲಿ ನನ್ನ ಕೋರಿಕೆ ಇಷ್ಟು. ಗಾಡಿಯ ಜೊತೆಗೆ ಕನ್ನಡದ ಕೈಪಿಡಿಯನ್ನು ಕೊಡಿ; ಅದು ತಡವಾಗುವುದಾದರೆ ಡ್ಯಾಶ್‌ಬೋರ್ಡಿನ ದೀಪಗಳ ಅರ್ಥವನ್ನೂ, ಅವು ಹೊತ್ತಿಕೊಂಡಾಗ ಮಾಡಬೇಕಾದದ್ದನ್ನೂ ಮುದ್ರಿಸಿದ ಒಂದು ಹಾಳೆಯನ್ನಾದರೂ ಕೊಡಿ. ಗಾಡಿ ಒಪ್ಪಿಸುವ ದಿನ ಮಾಲೀಕರ ಜೊತೆಗೆ ಅದನ್ನು ನಿಜವಾಗಿ ಓಡಿಸುವ ಡ್ರೈವರನ್ನೂ ಕರೆಸಿ, ಫಿಲ್ಟರಿನ ನೀರು ತೆಗೆಯುವುದನ್ನು ಅವರ ಕೈಯಿಂದಲೇ ಒಮ್ಮೆ ಮಾಡಿಸಿ. ಕಠಿಣ ಬಳಕೆಯ ಗಾಡಿಗಳಿಗೆಂದು ಕಂಪನಿಗಳೇ ಕಡಿಮೆ ಅಂತರದ ಸರ್ವೀಸ್ ಪಟ್ಟಿ ಮಾಡಿರುತ್ತವೆ. ತೋಟದ ಗಾಡಿಗಳಿಗೆ ಆ ಪಟ್ಟಿಯೇ ಅನ್ವಯಿಸುತ್ತದೆಯೇ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆದುಕೊಡಿ. ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವ ನವೆಂಬರಿಗೆ ಮೊದಲು ಇದಾದರೆ ಈ ವರ್ಷ ಗಾಡಿ ಕೊಂಡವರಿಗೂ ಉಪಯೋಗವಾಗುತ್ತದೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸೋಮವಾರಪೇಟೆ ತಾಲ್ಲೂಕು, ಕೊಡಗು