ಗಂಡನನ್ನು ಪೆದ್ದನಾಗಿ ತೋರಿಸಿದರೆ ಕೆಲಸ ಯಾರಿಗೆ?

ಮಾನ್ಯ ಸಂಪಾದಕರೇ,

ನನ್ನ ಹೆಂಡತಿ ನರ್ಸ್. ತಿಂಗಳಲ್ಲಿ ಹತ್ತು ದಿನ ರಾತ್ರಿ ಪಾಳಿ. ಆ ದಿನಗಳಲ್ಲಿ ಅಡುಗೆ, ಬಟ್ಟೆ, ಮಕ್ಕಳನ್ನು ಶಾಲೆಗೆ ಹೊರಡಿಸುವುದು ಎಲ್ಲ ನನ್ನದೇ. ಒಂಬತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಕಳೆದ ವಾರ ವಾಷಿಂಗ್ ಮೆಷಿನ್‌ಗೆ ಬಟ್ಟೆ ಹಾಕುತ್ತಿದ್ದೆ. ಏಳು ವರ್ಷದ ಮಗ ಬಂದು, ‘ಅಪ್ಪಾ ಬಿಡು, ಅಮ್ಮ ಮಾಡ್ತಾಳೆ. ನೀನು ಹಾಳು ಮಾಡಿಬಿಡ್ತೀಯ’ ಅಂದ. ಅವನ ಅಷ್ಟೂ ಅಂಗಿಗಳನ್ನು ಒಗೆದ ಅಪ್ಪ ನಾನು! ಎಲ್ಲಿ ಕಲಿತೆ ಎಂದು ಕೇಳಿದರೆ, ಟಿ.ವಿ.ಯ ಒಂದು ಜಾಹೀರಾತನ್ನು ಪೂರ್ತಿ ಒಪ್ಪಿಸಿದ.

ಅದರಲ್ಲಿ ಗಂಡ ಪುಡಿ ಚೆಲ್ಲುತ್ತಾನೆ. ಬಿಳಿ ಬಟ್ಟೆಯ ಜೊತೆ ಕೆಂಪು ಕಾಲುಚೀಲ ಹಾಕಿ ಪೆಚ್ಚಾಗಿ ನಿಲ್ಲುತ್ತಾನೆ. ಹೆಂಡತಿ ನಕ್ಕು, ಅವನನ್ನು ಪಕ್ಕಕ್ಕೆ ಸರಿಸಿ, ತಾನೇ ಮಾಡಿ ಮುಗಿಸುತ್ತಾಳೆ. ಹೆಣ್ಣನ್ನು ಜಾಣೆ ಅಂತಲೇ ತೋರಿಸಿದ್ದಾರಲ್ಲ, ತಪ್ಪೇನು ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಕೊನೆಯಲ್ಲಿ ಬಟ್ಟೆ ಯಾರ ಕೈಯಲ್ಲಿದೆ ನೋಡಿ. ಅವಳ ಕೈಯಲ್ಲೇ. ಪೆದ್ದ ಅನ್ನಿಸಿಕೊಂಡ ಗಂಡ ಆರಾಮಾಗಿ ಸೋಫಾದಲ್ಲಿ ಕೂತಿದ್ದಾನೆ. ‘ನನಗೆ ಬರಲ್ಲ’ ಅಂದುಬಿಟ್ಟರೆ ಕೆಲಸ ತಪ್ಪುತ್ತದೆ ಎಂದು ಹುಡುಗರು ಕಲಿಯುವುದು ಹೀಗೇ ಅಲ್ವಾ? ನನಗೆ ಬೇಸರವಾದದ್ದು ಗಂಡಸರ ಮಾನ ಹೋಯಿತೆಂದಲ್ಲ. ರಾತ್ರಿಯಿಡೀ ನಿಂತು ಬರುವ ನನ್ನ ಹೆಂಡತಿಯ ಮೇಲೆ ಆ ಬುಟ್ಟಿ ಬಟ್ಟೆಯನ್ನೂ ಹೊರಿಸಲು ನನ್ನ ಮಗ ಆಗಲೇ ತಯಾರಾಗಿದ್ದ.

ಸುಮ್ನೆ ತಮಾಷೆ ಎನ್ನುವವರಿಗೆ ಒಂದು ಮಾತು. ಬ್ರಿಟನ್‌ನಲ್ಲಿ 2019ರ ಜೂನ್‌ನಿಂದ ಇಂಥ ಜಾಹೀರಾತುಗಳಿಗೆ ತಡೆ ಇದೆ. ಅದೇ ವರ್ಷ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾ ಚೀಸ್‌ನ ಜಾಹೀರಾತನ್ನು ನಿಲ್ಲಿಸಿದರು. ಅದರಲ್ಲಿ ಇಬ್ಬರು ಅಪ್ಪಂದಿರು ತಿನ್ನುವುದರಲ್ಲಿ ಮೈಮರೆತು, ತಟ್ಟೆ ಸಾಗಿಸುವ ಬೆಲ್ಟಿನ ಮೇಲೆ ಕೂಸುಗಳನ್ನು ಬಿಟ್ಟುಬಿಡುತ್ತಾರೆ. 128 ದೂರು ಬಂದಿದ್ದವು. ತಮಾಷೆಯ ನೆಪವನ್ನು ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ ಒಪ್ಪಲಿಲ್ಲ. ಅದಕ್ಕೂ ಮೊದಲು, 2012ರಲ್ಲಿ, ಅಮೆರಿಕದ ಅಪ್ಪಂದಿರು ತಮ್ಮನ್ನು ಪೆದ್ದರಂತೆ ತೋರಿಸಿದ ಹಗ್ಗೀಸ್ ಡೈಪರ್ ಜಾಹೀರಾತಿನ ವಿರುದ್ಧ ದನಿ ಎತ್ತಿದ್ದರು. ಕಂಪನಿ ಅದನ್ನು ಬದಲಿಸಿತು.

ನಮ್ಮಲ್ಲೂ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಎಎಸ್‌ಸಿಐ, 2022ರಲ್ಲಿ ಮಾರ್ಗಸೂಚಿ ತಂದಿದೆ. ಮನೆಗೆಲಸ ಹೆಂಗಸೊಬ್ಬಳದೇ ಹೊಣೆ, ಉಳಿದವರು ಆರಾಮಾಗಿರಬಹುದು ಎಂಬಂತೆ ತೋರಿಸಬಾರದು ಎನ್ನುತ್ತದೆ ಅದು. ಇದಕ್ಕೆ ದೂರು ಕೊಡಬಹುದು ಎಂದು ನಾನು ಮಾತಾಡಿಸಿದ ಯಾರಿಗೂ ತಿಳಿದಿರಲಿಲ್ಲ. ಎಲ್ಲಿ, ಹೇಗೆ ಕೊಡಬೇಕು ಎಂದು ನಿಮ್ಮ ಪತ್ರಿಕೆಯಲ್ಲಿ ದಯವಿಟ್ಟು ಪ್ರಕಟಿಸಿ.

ನಾನು ನನ್ನ ದೂರು ಕಳಿಸಿದ್ದೇನೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆದೆ. ಏನು ಬರೀತಿದ್ದೀಯ ಎಂದು ಕೇಳಿದ. ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ.

– ನಿಮ್ಮ ಓದುಗ, ಇಬ್ಬರು ಮಕ್ಕಳ ತಂದೆ