ಹತ್ತು ಲಕ್ಷ ಹೆಜ್ಜೆ ಮುಗಿಯಿತು, ಥ್ಯಾಂಕ್ಸ್ ಬಾಕಿ ಇದೆ

ಜುಲೈ ಮೊದಲ ದಿನದಿಂದ ಸೆಪ್ಟೆಂಬರ್ ಕೊನೆಯವರೆಗೆ ಹತ್ತು ಲಕ್ಷ ಹೆಜ್ಜೆ. ಸಕ್ಕರೆ ಕಾಯಿಲೆ ಇರುವವರಿಗೆ ನೆರವಾಗುವ ಬ್ರಿಟನ್ನಿನ ಡಯಾಬಿಟಿಸ್ ಯುಕೆ ಸಂಸ್ಥೆಗೆ ಹಣ ಕೂಡಿಸುವ ಈ ನಡಿಗೆಯನ್ನು ನಾನೂ ಮಗಳೂ ಸೇರಿ ಮುಗಿಸಿದೆವು. ಅಂದರೆ ದಿನಕ್ಕೆ ಸುಮಾರು 11 ಸಾವಿರ ಹೆಜ್ಜೆ ಬೀಳಬೇಕು. ಲೆಸ್ಟರ್‌ನ ಮಳೆಯಲ್ಲಿ ಅದು ಸುಲಭವೇನಲ್ಲ. ದುಡ್ಡು ಕೊಟ್ಟವರಿಗೆ, ಜೊತೆಗೆ ನಡೆದವರಿಗೆ, ಮೈಸೂರಿನಿಂದ "ಇವತ್ತೆಷ್ಟಾಯ್ತು?" ಅಂತ ವಾಟ್ಸಾಪ್‌ನಲ್ಲಿ ದಿನಾ ಕಾಡಿದ ಚಿಕ್ಕಮ್ಮಂದಿರಿಗೆ ತುಂಬಾ ಥ್ಯಾಂಕ್ಸ್.

ಆದರೆ ಈ ಸಂಸ್ಥೆಗೇ ಯಾಕೆ ನಡೆದೆವು ಅಂತ ಕೆಲವರು ಕೇಳಿದ್ದೀರಿ. ಕಾರಣ ಅವರ ಒಂದು ಪೋಸ್ಟರ್. ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಸುಸ್ತು, ಇಳಿಯುವ ತೂಕ: ಇವು ನಾಲ್ಕೂ ಟೈಪ್ 1 ಡಯಾಬಿಟಿಸ್‌ನ ಗುರುತು ಅಂತ ಅವರು ವರ್ಷಗಟ್ಟಲೆ ಸಾರುತ್ತಾ ಬಂದಿದ್ದಾರೆ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ, ಅದನ್ನು ಓದಿದ್ದ ಇನ್ನೊಬ್ಬ ಮಗುವಿನ ಅಮ್ಮ ಸ್ಕೂಲ್ ಗೇಟಿನಲ್ಲೇ ನನ್ನನ್ನು ನಿಲ್ಲಿಸಿ, "ಇವತ್ತೇ ಶುಗರ್ ನೋಡಿಸಿ, ನಾಳೆಗೆ ಬಿಡಬೇಡಿ" ಎಂದರು. ತಡವಾದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಮಗು ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯ. ನಾವು ಅಲ್ಲಿಗೆ ಮುಟ್ಟಲಿಲ್ಲ. ಆ ತಾಯಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚುವುದು ಕಲಿಸಿದರು, ಕಾರ್ಬ್ಸ್, ಅಂದರೆ ಊಟದಲ್ಲಿರುವ ಪಿಷ್ಟ-ಸಕ್ಕರೆಯ ಅಂಶ, ಎಣಿಸುವುದು ಕಲಿಸಿದರು. ಮನೆಗೆ ಬಂದ ಮೇಲೆ ಶುರುವಾಗುವ ಭಯಕ್ಕೆ ಪಾಠ ಇರುವುದಿಲ್ಲ ಅಲ್ವಾ? ಊರಿಂದ ಬರುವ ಫೋನುಗಳಲ್ಲಿ ಹಾಗಲಕಾಯಿ ರಸ, ಮೆಂತ್ಯದ ನೀರು, "ಜಾಸ್ತಿ ಸ್ವೀಟ್ ಕೊಟ್ರಾ?" ಅನ್ನುವ ಪ್ರಶ್ನೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೂ ಚುಚ್ಚುತ್ತದೆ. ಡಯಾಬಿಟಿಸ್ ಯುಕೆ ಹೆಲ್ಪ್‌ಲೈನಿನಲ್ಲಿ ಸಿಕ್ಕ ಹೆಂಗಸು ನನ್ನನ್ನು ಅಳಲು ಬಿಟ್ಟರು, ಆಮೇಲೆ ನಿಧಾನವಾಗಿ ವಿವರಿಸಿದರು. ಟೈಪ್ 1 ಸಿಹಿ ತಿಂದು ಬರುವುದಲ್ಲ. ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಹಾಳು ಮಾಡುತ್ತದೆ. ಡೋಸ್ ಎಷ್ಟು ಎಂದು ಮಾತ್ರ ಅವರು ಹೇಳಲಿಲ್ಲ, ಅದು ಆಸ್ಪತ್ರೆಯ ತಂಡದ ಕೆಲಸ. ಹಾಗೆ ನೇರವಾಗಿ ಹೇಳಿದ್ದೂ ನನಗೆ ಹಿಡಿಸಿತು.

ಶಾಲೆಯ ವಿಷಯದಲ್ಲಂತೂ ಅವರ ಋಣ ದೊಡ್ಡದು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳು ಇಂಥ ಮಕ್ಕಳಿಗೆ ನೆರವಾಗಲೇಬೇಕು ಎಂದು 2014ರಲ್ಲಿ ಕಾನೂನು ಬಂತು. ಅದಕ್ಕಾಗಿ ಹೋರಾಡಿದವರಲ್ಲಿ ಇವರೂ ಇದ್ದರು. ಮಗುವಿಗಾಗಿ ಬರೆಯುವ ಆರೈಕೆ ಯೋಜನೆಯಲ್ಲಿ ಏನೇನಿರಬೇಕು, ಶುಗರ್ ಇಳಿದು ಲೋ ಆದರೆ ಯಾರು ಜ್ಯೂಸ್ ಕೊಡಬೇಕು, ಪ್ರವಾಸದ ದಿನ ಏನು ಮಾಡಬೇಕು, ಎಲ್ಲಾ ಅವರ ಮಾಹಿತಿಯಲ್ಲಿತ್ತು. ಅದನ್ನು ಹಿಡಿದುಕೊಂಡು ಹೆಡ್ ಟೀಚರ್ ಮುಂದೆ ಕೂತಾಗ ನನ್ನ ದನಿ ನಡುಗಲಿಲ್ಲ.

ಈ ಸಂಸ್ಥೆ ಶುರುವಾದದ್ದು 1934ರಲ್ಲಿ. ಕಟ್ಟಿದವರು ಲೇಖಕ ಎಚ್. ಜಿ. ವೆಲ್ಸ್ ಮತ್ತು ಡಾಕ್ಟರ್ ಆರ್. ಡಿ. ಲಾರೆನ್ಸ್. ಇಬ್ಬರಿಗೂ ಡಯಾಬಿಟಿಸ್ ಇತ್ತು. ಸಾಯುವ ಸ್ಥಿತಿಯಲ್ಲಿದ್ದ ಲಾರೆನ್ಸ್ 1923ರಲ್ಲಿ ಇನ್ಸುಲಿನ್‌ನಿಂದ ಉಳಿದವರು. ಆಗಿನ್ನೂ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇರಲಿಲ್ಲ. ಕಾಸಿಲ್ಲದವರಿಗೂ ಇನ್ಸುಲಿನ್ ಸಿಗಬೇಕು ಎನ್ನುವುದು ಅವರ ಹಟವಾಗಿತ್ತು. ಕಾಯಿಲೆ ಇದ್ದವರೇ ಕಟ್ಟಿದ್ದಕ್ಕೋ ಏನೋ, ಅಲ್ಲಿ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ.

ಮಗಳು ಈಗ ಶುಗರ್ ಅಳೆಯುವ ಸೆನ್ಸರ್ ಹಾಕಿಕೊಂಡೇ ಈಜುತ್ತಾಳೆ, ಒಬ್ಬಟ್ಟಿನ ಕಾರ್ಬ್ಸ್ ನನಗಿಂತ ಬೇಗ ಹೇಳುತ್ತಾಳೆ.

ಇಲ್ಲಿನ ಕನ್ನಡದ ಮನೆಗಳಿಗೆ ಒಂದು ಮಾತು. ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಟೈಪ್ 2, ಅಂದರೆ ಹೆಚ್ಚಾಗಿ ದೊಡ್ಡವರಲ್ಲಿ ಕಾಣುವ ಡಯಾಬಿಟಿಸ್, ಬರುವ ಸಾಧ್ಯತೆ ಇಲ್ಲಿನ ಬಿಳಿಯರಿಗಿಂತ 2ರಿಂದ 4 ಪಟ್ಟು ಜಾಸ್ತಿ. ರಕ್ತ ಪರೀಕ್ಷೆ ಮುಂದೂಡುತ್ತಿರುವ ಅಪ್ಪಂದಿರನ್ನು ದಯವಿಟ್ಟು ಎಬ್ಬಿಸಿ ಕಳಿಸಿ. ಇನ್ನು, ದುಡ್ಡು ಕೊಡ್ತೀನಿ ಅಂದು ಮರೆತವರು ಗಾಬರಿಯಾಗಬೇಡಿ, ಲೆಕ್ಕ ಇನ್ನೂ ಮುಚ್ಚಿಲ್ಲ. ಇಲ್ಲಿ ತೆರಿಗೆ ಕಟ್ಟುವವರಾದರೆ ದಾನದ ಫಾರ್ಮಿನಲ್ಲಿ ಗಿಫ್ಟ್ ಏಡ್ ಎನ್ನುವುದನ್ನು ಟಿಕ್ ಮಾಡಿ. ನಿಮ್ಮ ಒಂದೊಂದು ಪೌಂಡಿಗೂ ಸರ್ಕಾರ 25 ಪೆನ್ಸ್ ಸೇರಿಸುತ್ತದೆ.