ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಯುವಿಕಾ ಸುದ್ದಿ ಈಗಲೇ ಮುಟ್ಟಿಸಿ

ಮಾನ್ಯ ಸಂಪಾದಕರೇ,

ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನದು ಸೈಕಲ್ ಶಾಪ್. ಈಗ ಸೈಕಲ್ ಕಮ್ಮಿ, ಬೈಕ್ ಪಂಕ್ಚರೇ ಜಾಸ್ತಿ, ಆದರೂ ಊರವರು ಸೈಕಲ್ ಶಾಪ್ ಅಂತಲೇ ಕರೆಯುತ್ತಾರೆ. ನನ್ನ ಮಗಳು ಇಲ್ಲೇ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ, ಈ ವರ್ಷ ಎಸ್ಸೆಸ್ಸೆಲ್ಸಿ. ಹೋದ ಬೇಸಿಗೆ ರಜೆಯಲ್ಲಿ ಇಸ್ರೋದವರು ನಡೆಸುವ ಯುವಿಕಾ ಶಿಬಿರಕ್ಕೆ ಆಯ್ಕೆಯಾಗಿ ತಿರುವನಂತಪುರದಲ್ಲಿ ಎರಡು ವಾರ ಇದ್ದು ಬಂದಳು. ಈ ಪತ್ರ ಈಗ ಒಂಬತ್ತನೇ ಕ್ಲಾಸಿನಲ್ಲಿರುವ ಮಕ್ಕಳಿಗೋಸ್ಕರ ಬರೆಯುತ್ತಿದ್ದೇನೆ. ಅರ್ಜಿ ಕರೆಯುವ ಕಾಲ ಹತ್ತಿರ ಬಂತು, ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಇಂಥದ್ದೊಂದು ಇದೆ ಅನ್ನುವುದೇ ಗೊತ್ತಿಲ್ಲ.

ಯುವಿಕಾ ಅಂದರೆ ಯುವ ವಿಜ್ಞಾನಿ ಕಾರ್ಯಕ್ರಮ. 2019ರಲ್ಲಿ ಶುರುವಾಯಿತು, ಕೊರೊನಾ ಬಂದು ಎರಡು ವರ್ಷ ನಿಂತು, 2022ರಿಂದ ಮತ್ತೆ ನಡೆಯುತ್ತಿದೆ. ಜನವರಿ 1ಕ್ಕೆ ಒಂಬತ್ತನೇ ತರಗತಿಯಲ್ಲಿರುವ ಮಕ್ಕಳು ಮಾತ್ರ ಅರ್ಜಿ ಹಾಕಬಹುದು. ಇತ್ತೀಚಿನ ವರ್ಷಗಳಲ್ಲಿ ಇಡೀ ದೇಶದಿಂದ ಸುಮಾರು 350 ಮಕ್ಕಳನ್ನು ತೆಗೆದುಕೊಂಡು ಬೆಂಗಳೂರು, ತಿರುವನಂತಪುರ, ಶ್ರೀಹರಿಕೋಟ, ಹೈದರಾಬಾದ್, ಅಹಮದಾಬಾದ್, ಶಿಲ್ಲಾಂಗ್, ಡೆಹ್ರಾಡೂನ್ ಹೀಗೆ ಇಸ್ರೋದ ಬೇರೆ ಬೇರೆ ಕೇಂದ್ರಗಳಿಗೆ ಹಂಚುತ್ತಾರೆ. ಊಟ, ವಸತಿ, ಓದುವ ಸಾಮಗ್ರಿ, ಹೋಗಿ ಬರುವ ರೈಲಿನ ಖರ್ಚು ಎಲ್ಲ ಅವರದ್ದೇ. ನಮ್ಮ ಕೈಯಿಂದ ಹೋಗಿದ್ದು ಒಂದು ಬ್ಯಾಗು, ಎರಡು ಜೊತೆ ಬಟ್ಟೆ, ಒಂದು ಜೊತೆ ಚಪ್ಪಲಿ, ಅಷ್ಟೇ.

ಆಯ್ಕೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಎಂಟನೇ ತರಗತಿಯ ಅಂಕಕ್ಕೆ ನೂರಕ್ಕೆ 50. ಆನ್‌ಲೈನ್ ಕ್ವಿಜ್‌ಗೆ 10. ವಿಜ್ಞಾನ ಮೇಳ, ಒಲಿಂಪಿಯಾಡ್, ಆಟೋಟ, ಸ್ಕೌಟ್ಸ್-ಎನ್‌ಸಿಸಿ ಇವಕ್ಕೆ ಇಂತಿಷ್ಟು ಅಂತ ಇದೆ. ಇನ್ನು ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುವ ಮಗುವಿಗೆ 15 ಅಂಕ. ಹಳ್ಳಿ ಶಾಲೆಯಲ್ಲಿ ಓದುತ್ತಿದೆ ಅನ್ನುವ ಒಂದೇ ಕಾರಣಕ್ಕೆ 15! ನನಗೆ ಗೊತ್ತಾದ ದಿನ ಇದನ್ನು ಎರಡು ಸಲ ಓದಿಸಿ ಕೇಳಿದೆ. ಹಳ್ಳಿಯವರು ಅಂತ ನಮ್ಮನ್ನು ಹಿಂದಕ್ಕೆ ತಳ್ಳುವ ಕಡೆ ಬೇಕಾದಷ್ಟಿವೆ, ಬಾ ಅಂತ ಕೈ ಹಿಡಿದು ಮುಂದಕ್ಕೆ ಕರೆಯುವುದು ಇಲ್ಲಿ ಮಾತ್ರ ಕಂಡೆ.

ಹಾಗಿದ್ದ ಮೇಲೆ ನಮ್ಮ ಮಕ್ಕಳು ಯಾಕೆ ಅರ್ಜಿಯನ್ನೇ ಹಾಕುವುದಿಲ್ಲ?

ನನಗೆ ತಿಳಿದ ಕಾರಣ ಹೇಳುತ್ತೇನೆ. ಅರ್ಜಿ ಕರೆಯುವುದು ಹೆಚ್ಚುಕಮ್ಮಿ ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ. ಆಗ ಹೈಸ್ಕೂಲುಗಳಲ್ಲಿ ಏನು ನಡೆಯುತ್ತಿರುತ್ತದೆ ಅಂತ ನಿಮಗೇ ಗೊತ್ತು. ಇಡೀ ಶಾಲೆ ಎಸ್ಸೆಸ್ಸೆಲ್ಸಿ ಮಕ್ಕಳ ಹಿಂದೆ ಬಿದ್ದಿರುತ್ತದೆ. ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ, ಪ್ರವೇಶ ಪತ್ರ, ಹೆಡ್‌ಮಾಸ್ಟರ್‌ಗೆ ದಿನಾ ಮೀಟಿಂಗು. ಜಿಲ್ಲೆಯ ಫಲಿತಾಂಶ ಎಷ್ಟನೇ ಸ್ಥಾನಕ್ಕೆ ಬರುತ್ತದೆ ಅನ್ನುವ ಚಿಂತೆ ಬೇರೆ. ಆ ಗದ್ದಲದಲ್ಲಿ ಒಂಬತ್ತನೇ ಕ್ಲಾಸು ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಆ ಮಕ್ಕಳಿಗೂ ಅದೇ ಹೊತ್ತಿಗೆ ವಾರ್ಷಿಕ ಪರೀಕ್ಷೆ. ಮೇಷ್ಟ್ರುಗಳನ್ನು ನಾನು ದೂರುತ್ತಿಲ್ಲ, ಅವರ ಮೇಲಿರುವ ಒತ್ತಡ ನೋಡಿದ್ದೇನೆ. ಆದರೆ ಈ ಅವಕಾಶ ಒಂದು ಮಗುವಿಗೆ ಬದುಕಿನಲ್ಲಿ ಒಂದೇ ಸಲ ಬರುವುದು. ಒಂಬತ್ತನೇ ಕ್ಲಾಸಿನಲ್ಲಿ ತಪ್ಪಿದರೆ ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ.

ನಮಗೆ ಗೊತ್ತಾಗಿದ್ದೂ ಆಕಸ್ಮಿಕವೇ. ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಬೈಕ್ ಪಂಕ್ಚರ್ ಹಾಕಿಸಲು ಅಂಗಡಿಗೆ ಬಂದಿದ್ದ. ನಾನು ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುತ್ತಿದ್ದೆ, ಮಗಳು ಪಕ್ಕದಲ್ಲಿ ಕೂತು ಅವನಿಗೆ ಚಂದ್ರಯಾನದ ವಿಷಯ ಹೇಳುತ್ತಿದ್ದಳು. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ಅವಳು ಎಂಟನೇ ಕ್ಲಾಸು, ಅವತ್ತಿನಿಂದ ಅದೇ ಮಾತು. ಆ ಹುಡುಗ ಕೇಳಿಸಿಕೊಂಡು, "ಅಣ್ಣಾ, ಇವಳು ಒಂಬತ್ತನೇ ಕ್ಲಾಸಾ? ಯುವಿಕಾಗೆ ಹಾಕಿಲ್ವಾ? ಇನ್ನು ನಾಲ್ಕೇ ದಿನ ಇದೆ" ಅಂದ. ಅಲ್ಲೇ ಫೋನಿನಲ್ಲಿ ತೆಗೆದು ತೋರಿಸಿದ. ಅವನಿಂದ ಪಂಕ್ಚರ್ ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಆಮೇಲಿನ ನಾಲ್ಕು ದಿನ ನಾವು ಪಟ್ಟ ಪಾಡು ಯಾರಿಗೂ ಬೇಡ. ಇಮೇಲ್ ಬೇಕು, ನನಗಿರಲಿಲ್ಲ. ಅರ್ಜಿ ಇಂಗ್ಲಿಷಿನಲ್ಲಿ. ಅಂಕಪಟ್ಟಿಗೂ, ಶಾಲೆ ಪಂಚಾಯಿತಿ ವ್ಯಾಪ್ತಿಯಲ್ಲಿದೆ ಅನ್ನುವುದಕ್ಕೂ ಮುಖ್ಯ ಶಿಕ್ಷಕರ ಸಹಿ, ಸೀಲು ಆಗಬೇಕಿತ್ತು, ಅವರು ಪರೀಕ್ಷೆ ಕೆಲಸದ ಮೇಲೆ ಹೊರಗಿದ್ದರು. ಮೂರನೇ ದಿನ ರಾತ್ರಿ ಅವರ ಮನೆಗೇ ಹೋದೆವು. ಪಾಪ, ಊಟಕ್ಕೆ ಕೂತವರು ಎದ್ದು ಬಂದು ಸಹಿ ಮಾಡಿದರು, ಸೀಲು ಮಾತ್ರ ಶಾಲೆಯಲ್ಲಿತ್ತು. ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆಸಿ ಹಾಕಿಸಿಕೊಂಡು ಮಂಡ್ಯದ ಸೈಬರ್ ಸೆಂಟರ್‌ಗೆ ಓಡಿದೆವು.

ಅಲ್ಲಿ ಇನ್ನೊಂದು ಸಂಕಟ. ಮಗಳು ಎಂಟನೇ ಕ್ಲಾಸಿನಲ್ಲಿ ಒಂದು ವಿಜ್ಞಾನ ವಸ್ತುಪ್ರದರ್ಶನದಲ್ಲಿ ಬಹುಮಾನ ತೆಗೆದಿದ್ದಳು. ಕನ್ನಂಬಾಡಿ ಕಟ್ಟೆಯಲ್ಲಿ ನೀರು ಏರಿದಾಗ ತಾನಾಗೇ ತೆರೆದುಕೊಳ್ಳುವ ಹಾಗೆ ವಿಶ್ವೇಶ್ವರಯ್ಯನವರು ಮಾಡಿಸಿದ ಗೇಟಿನ ಮಾದರಿಯನ್ನು ಎಣ್ಣೆ ಡಬ್ಬ, ದಾರ, ಸೈಕಲ್ಲಿನ ಹಳೇ ನಟ್ಟುಗಳಲ್ಲಿ ಮಾಡಿದ್ದಳು. ಬಹುಮಾನ ಅಂತ ಸ್ಟೀಲ್ ಡಬ್ಬಿ ಕೊಟ್ಟಿದ್ದರು, ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಕಾಗದ ಇಲ್ಲದಿದ್ದರೆ ಅಂಕ ಇಲ್ಲ. ಆ ಕಾಲಂ ಖಾಲಿ ಬಿಟ್ಟೇ ಅರ್ಜಿ ಕಳಿಸಿದೆವು. ಬಹುಮಾನ ಕೊಡುವವರಲ್ಲಿ ನನ್ನ ಕೈಮುಗಿದ ಬೇಡಿಕೆ ಇದು: ಡಬ್ಬಿ, ಲೋಟ ಕೊಡದಿದ್ದರೂ ಪರವಾಗಿಲ್ಲ, ಮಗುವಿನ ಹೆಸರು ಬರೆದು ಸಹಿ ಹಾಕಿದ ಒಂದು ಹಾಳೆ ಕೊಡಿ.

ಆಯ್ಕೆಯಾದ ಸುದ್ದಿ ಬಂದಾಗ ಮನೆಯಲ್ಲಿ ಖುಷಿಗಿಂತ ಭಯವೇ ಜಾಸ್ತಿ ಆಯಿತು. ನಮ್ಮವ್ವ, "ಹೆಣ್ಣು ಮಗೀನ ಅಷ್ಟು ದೂರ ಹದಿನೈದು ದಿನ ಬಿಟ್ಬುಟ್ಟು ಬತ್ತೀಯೇನ್ಲಾ?" ಅಂತ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ನಾನೇ ಜೊತೆಗೆ ಹೋದೆ. ಮೈಸೂರಿನಿಂದ ತಿರುವನಂತಪುರ ಉತ್ತರಕ್ಕೆ (ಮೊದಲು ಕೊಚ್ಚುವೇಲಿ ಅನ್ನುತ್ತಿದ್ದ ಸ್ಟೇಷನ್) ಹೋಗುವ ರೈಲು ಮಂಡ್ಯದಲ್ಲೇ ಸಿಗುತ್ತದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ರೀತಿ ಕಣ್ಣಾರೆ ಕಂಡ ಮೇಲೆ ನನ್ನ ಎದೆ ಭಾರ ಇಳಿಯಿತು. ಹೆಣ್ಣುಮಕ್ಕಳ ತಂದೆತಾಯಿ ಇದನ್ನು ಓದುತ್ತಿದ್ದರೆ ದಯವಿಟ್ಟು ಹೆದರಬೇಡಿ, ಕಳಿಸಿ.

ಮೊದಲ ಎರಡು ದಿನ ಅವಳು ಫೋನಿನಲ್ಲಿ ಅತ್ತಳು. ಊಟಕ್ಕಲ್ಲ, ಮನೆ ನೆನಪಾಗಿಯೂ ಅಲ್ಲ. "ಅಪ್ಪಾ, ನಂಗೆ ಎಲ್ಲಾ ಗೊತ್ತು, ಆದ್ರೆ ಅವ್ರು ಹೇಳೋದು ಯಾವುದು ಅಂತಲೇ ಗೊತ್ತಾಗ್ತಿಲ್ಲ" ಅಂದಳು. ನಮ್ಮ ಪುಸ್ತಕದಲ್ಲಿ ಅವಳು ಓದಿದ್ದು ವೇಗೋತ್ಕರ್ಷ, ಸಂವೇಗ, ಜಡತ್ವ. ಅಲ್ಲಿ ಅವೇ ಆಕ್ಸಲರೇಷನ್, ಮೊಮೆಂಟಮ್, ಇನರ್ಷಿಯಾ. ಲೆಕ್ಕ ಅದೇ, ಚಿತ್ರ ಅದೇ, ಹೆಸರು ಮಾತ್ರ ಬೇರೆ. ಮೂರನೇ ದಿನ ಒಬ್ಬ ವಿಜ್ಞಾನಿ ಬೋರ್ಡಿನ ಮೇಲೆ ರಾಕೆಟ್ ಬರೆದು ಬಾಣದ ಗುರುತು ಹಾಕಿದಾಗ ಅವಳಿಗೆ ಥಟ್ಟನೆ ಹೊಳೆಯಿತಂತೆ, ಅಯ್ಯೋ ಇದು ನಮ್ಮ ನ್ಯೂಟನ್ನನ ಮೂರನೇ ನಿಯಮ ಅಲ್ವಾ, ಒಂದು ಕಡೆ ತಳ್ಳಿದರೆ ಅಷ್ಟೇ ಬಲ ತಿರುಗಿ ತಳ್ಳುತ್ತೆ ಅನ್ನೋದು ಅಂತ. ಅವತ್ತಿಂದ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೀಟು ಎಳೆದು ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್ ಬರೆದುಕೊಳ್ಳುತ್ತಾ ಹೋದಳು. ಕೊನೆಯ ವಾರ ಪ್ರಶ್ನೆ ಕೇಳುವುದರಲ್ಲಿ ಅವಳೇ ಮುಂದಿದ್ದಳಂತೆ. ಕನ್ನಡ ಮಾಧ್ಯಮ ಅಂತ ಯಾರೂ ಹಿಂಜರಿಯುವುದು ಬೇಡ. ವಿಜ್ಞಾನದ ಮೇಷ್ಟ್ರುಗಳು ಪಾಠ ಮಾಡುವಾಗ ಬೋರ್ಡಿನ ಮೂಲೆಯಲ್ಲಿ ಇಂಗ್ಲಿಷ್ ಹೆಸರನ್ನೂ ಬರೆದುಬಿಟ್ಟರೆ ಮಕ್ಕಳ ಎರಡು ದಿನದ ಅಳು ತಪ್ಪುತ್ತದೆ.

ಅವಳು ಹೇಳಿದ್ದರಲ್ಲಿ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ಕೂತಿರುವುದು ತಿರುವನಂತಪುರದ ಹತ್ತಿರ ಇರುವ ತುಂಬಾ ಅನ್ನುವ ಊರಿನ ಕಥೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ (ಕಾಂತದ ಮುಳ್ಳು ಮೇಲೂ ಕೆಳಗೂ ವಾಲದೆ ಮಟ್ಟಸವಾಗಿ ನಿಲ್ಲುವ ಜಾಗಗಳ ಗೆರೆ) ಆ ಊರಿನ ಹತ್ತಿರ ಹಾದುಹೋಗುತ್ತದೆ ಅಂತ ಆ ಮೀನುಗಾರರ ಹಳ್ಳಿಯನ್ನು ಆರಿಸಿದ್ದು, ಊರವರು ತಮ್ಮ ಚರ್ಚನ್ನೇ ಬಿಟ್ಟುಕೊಟ್ಟಿದ್ದು, ಅದೇ ಮೊದಲ ಆಫೀಸು ಆಗಿದ್ದು, 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿದ್ದು. ಆ ಚರ್ಚು ಈಗ ಬಾಹ್ಯಾಕಾಶ ಮ್ಯೂಸಿಯಂ. ಆ ಕಾಲದಲ್ಲಿ ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಇಟ್ಟುಕೊಂಡು ತಳ್ಳಿಕೊಂಡು ಹೋಗುತ್ತಿದ್ದರಂತೆ. ಆ ಫೋಟೋವನ್ನು ಅವಳು ನನಗೆ ತೋರಿಸಿದಳು. ಇಪ್ಪತ್ತೆರಡು ವರ್ಷದಿಂದ ಕ್ಯಾರಿಯರ್ ಬಿಗಿಯುತ್ತಿದ್ದೇನೆ, ಹುಲ್ಲಿನ ಹೊರೆ, ಹಾಲಿನ ಕ್ಯಾನು, ಕಬ್ಬಿನ ಜಲ್ಲೆ ಕಟ್ಟಿದ್ದು ನೋಡಿದ್ದೇನೆ. ರಾಕೆಟ್ಟಿನ ಮೂತಿ ಕಟ್ಟಿದ್ದನ್ನು ನೋಡಿ ಕಣ್ಣು ತುಂಬಿ ಬಂತು.

ಬಂದ ವಾರದಲ್ಲೇ ಅಂಗಡಿ ಮುಂದೆ ನೀರಿನ ರಾಕೆಟ್ ಶುರು ಮಾಡಿದಳು. ಒಂದು ಲೀಟರ್‌ನ ಪ್ಲಾಸ್ಟಿಕ್ ಬಾಟಲಿ, ಬಾಯಿಗೆ ರಬ್ಬರ್ ಬೂಚು, ಬೂಚಿನ ನಡುವೆ ತೂತು ಮಾಡಿ ಹಳೇ ಟ್ಯೂಬಿನ ವಾಲ್ವು. ಬಾಟಲಿ ತಲೆಕೆಳಗೆ ನಿಲ್ಲಿಸಿ ನಾನು ಪಂಪು ಹೊಡೆಯಬೇಕು. ಮೊದಲು ನೀರೇ ಹಾಕದೆ ಹೊಡೆಸಿದಳು, ಟಪ್ ಅಂತ ಸದ್ದಾಗಿ ಮೊಣಕಾಲೆತ್ತರಕ್ಕೆ ಹಾರಿ ಬಿತ್ತು. ಆಮೇಲೆ ಮೂರರಲ್ಲಿ ಒಂದು ಪಾಲು ನೀರು. ಹದಿನೈದು ಇಪ್ಪತ್ತು ಸಲ ಒತ್ತಿದ ಮೇಲೆ ಬೂಚು ಕಿತ್ತುಕೊಂಡು, ನೀರೆಲ್ಲ ನನ್ನ ಮೈಮೇಲೆ ಸುರಿದು, ಬಾಟಲಿ ಅಂಗಡಿ ಪಕ್ಕದ ತೆಂಗಿನ ಮರದ ಅರ್ಧಕ್ಕೆ ಹೋಯಿತು. ಓಣಿಯ ಮಕ್ಕಳೆಲ್ಲ ಓಡಿ ಬಂದವು. ತುಂಬಾ ನೀರು ತುಂಬಿಸಿದರೆ ಇನ್ನೂ ಎತ್ತರ ಹೋಗುತ್ತಾ ಅಂತ ಒಂದು ಪುಟ್ಟ ಹುಡುಗ ಕೇಳಿದ. ಇವಳು ಉತ್ತರ ಹೇಳಲಿಲ್ಲ, "ನೀನೇ ಹಾಕಿ ನೋಡು" ಅಂದಳು. ಮುಕ್ಕಾಲು ತುಂಬಿಸಿದ, ಸರಿಯಾಗಿ ಏಳಲೇ ಇಲ್ಲ. ಗಾಳಿ ಒತ್ತಿಟ್ಟುಕೊಳ್ಳಲು ಜಾಗವೇ ಇಲ್ಲವಲ್ಲ ಅಂತ ಆ ಹುಡುಗನೇ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ. ಅವನು ಆರನೇ ಕ್ಲಾಸು. ಎರಡು ವಾರ ಒಂದು ಮಗು ಹೋಗಿ ಬಂದಿದ್ದಕ್ಕೆ ಒಂದು ಓಣಿಗೇ ಏನು ಸಿಕ್ಕಿತು ನೋಡಿ.

ಈಗ ಕೇಳುವುದಿಷ್ಟೇ. ಶಿಕ್ಷಣ ಇಲಾಖೆಯವರು ಜನವರಿಯಲ್ಲೇ, ಎಸ್ಸೆಸ್ಸೆಲ್ಸಿ ಗದ್ದಲ ಏರುವ ಮುಂಚೆ, ಮಂಡ್ಯ, ಮೈಸೂರು ಜಿಲ್ಲೆಗಳ ಪ್ರತಿ ಪ್ರೌಢಶಾಲೆಯಲ್ಲೂ ಒಂಬತ್ತನೇ ತರಗತಿಯ ಗೋಡೆಗೆ ಯುವಿಕಾ ಸುದ್ದಿಯನ್ನು ಕನ್ನಡದಲ್ಲಿ ಬರೆದು ಅಂಟಿಸಲಿ. ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಈ ಕೆಲಸ ವಹಿಸಲಿ, ಹೆಡ್‌ಮಾಸ್ಟರ್ ಇಲ್ಲದಿದ್ದರೂ ಸಹಿ, ಸೀಲು ನಿಲ್ಲದ ಹಾಗೆ ಏರ್ಪಾಡು ಮಾಡಲಿ. ಎಂಟನೇ ಕ್ಲಾಸಿಗೆ ಸೇರಿದ ದಿನವೇ ಮಕ್ಕಳಿಗೆ ಈ ವರ್ಷದ ಅಂಕ ಲೆಕ್ಕಕ್ಕೆ ಬರುತ್ತದೆ ಅಂತ ಹೇಳಲಿ, ಎಂಟನೇ ಕ್ಲಾಸು ತಾನೇ ಅಂತ ನಾವೆಲ್ಲ ಸುಮ್ನೆ ಬಿಟ್ಟುಬಿಡುತ್ತೇವೆ. ನಿಮ್ಮ ಪತ್ರಿಕೆಯವರು ಅರ್ಜಿ ಕರೆದ ದಿನವೇ ಅದನ್ನು ಜಿಲ್ಲಾ ಪುಟದಲ್ಲಿ ದೊಡ್ಡದಾಗಿ ಹಾಕಿ. ನಮ್ಮ ಹೋಟೆಲ್ಲು, ಹಾಲಿನ ಡೇರಿ, ಕ್ಷೌರದಂಗಡಿಯಲ್ಲಿ ಪೇಪರ್ ಓದುವವರು ಇನ್ನೂ ಇದ್ದಾರೆ.

ನಾನು ಅಂಗಡಿ ಬಾಗಿಲಿಗೆ ಒಂದು ರಟ್ಟಿನ ಬೋರ್ಡು ನೇತುಹಾಕಿದ್ದೇನೆ: "ಒಂಬತ್ತನೇ ಕ್ಲಾಸಿನವರು ಒಳಗೆ ಬಂದು ಯುವಿಕಾ ಬಗ್ಗೆ ಕೇಳಿ." ಮಗಳು ಬರೆದದ್ದು. ಇಲ್ಲಿವರೆಗೆ ಐದು ಮಕ್ಕಳು ಬಂದಿದ್ದಾರೆ, ಐವರಿಗೂ ಇಮೇಲ್ ಮಾಡಿಸಿಟ್ಟಿದ್ದೇವೆ.

ಇತಿ,
ಒಬ್ಬ ತಂದೆ, ಸೈಕಲ್ ಶಾಪ್
ಮಂಡ್ಯ ತಾಲ್ಲೂಕು